ವಾಹನಾರೋಹಿತ ಉಪಗ್ರಹ ಆಂಟೆನಾ

ವಾಹನಾರೋಹಿತ ಉಪಗ್ರಹ ಆಂಟೆನಾ ಎಂಬುದು ಜೀಪು, ಬಸ್ಸು, ಆಂಬುಲೆನ್ಸ್ ಮೊದಲಾದ ವಾಹನಗಳ ಚಾವಣಿಯ ಮೇಲೆ ಅಳವಡಿಸುವ, ಸಂವಹನ ಉಪಗ್ರಹದೊಡನೆ ನೇರ ಸಂಪರ್ಕ ಕಲ್ಪಿಸುವ ಸಣ್ಣ ಗಾತ್ರದ ಆಂಟೆನಾ. ಕೃಷ್ಣಾ, ಭೀಮಾ, ಡೋಣಿ ನದಿಗಳು ಉಕ್ಕಿ ಮೊಬೈಲ್ ಗೋಪುರಗಳು ಸ್ತಬ್ಧವಾದಾಗಲೂ ಇಂಥ ವಾಹನದಿಂದ ಹೊರಜಗತ್ತಿಗೆ ಸುದ್ದಿ ತಲುಪಿಸಬಹುದು. ವಾರ್ತಾವಾಹಿನಿಗಳ ಓ.ಬಿ. ವ್ಯಾನುಗಳು ಸಾಮಾನ್ಯವಾಗಿ ನಿಂತ ಮೇಲೆ ತಟ್ಟೆಯನ್ನು ಉಪಗ್ರಹದತ್ತ ತಿರುಗಿಸುತ್ತವೆ. ಚಲಿಸುತ್ತಿರುವಾಗಲೇ ಸಂಪರ್ಕ ಉಳಿಸಿಕೊಳ್ಳುವುದು ವಿನ್ಯಾಸಕಾರರಿಗೆ ನಿಜವಾದ ಸವಾಲು.

ಗಾತ್ರದ ಸಮಸ್ಯೆ

ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತವೆ. ಅಲ್ಲಿಂದ ಬರುವ ಸಂಕೇತ ಅತಿ ಕ್ಷೀಣ. ತಟ್ಟೆಯ ವ್ಯಾಸವನ್ನು ಅರ್ಧಕ್ಕೆ ಇಳಿಸಿದರೆ ಅದು ಹಿಡಿಯುವ ಸಂಕೇತ ಕಾಲುಭಾಗಕ್ಕೆ ಇಳಿಯುತ್ತದೆ. ಇದಲ್ಲದೆ ತಟ್ಟೆ ಕಿರಿದಾದಂತೆ ಅದರ ಕಿರಣಪುಂಜ ಅಗಲವಾಗುತ್ತದೆ. 14 ಗಿಗಾಹರ್ಟ್ಸ್ ಆವರ್ತನದಲ್ಲಿ 60 ಸೆಂ.ಮೀ. ತಟ್ಟೆಯ ಪುಂಜ ಸುಮಾರು 2.5 ಡಿಗ್ರಿ ಅಗಲವಿದ್ದರೆ, 30 ಸೆಂ.ಮೀ. ತಟ್ಟೆಯದು 5 ಡಿಗ್ರಿ. ಆಕಾಶದಲ್ಲಿ ನೆರೆಹೊರೆಯ ಉಪಗ್ರಹಗಳ ನಡುವೆ ಅನೇಕ ಕಡೆ ಎರಡು ಮೂರು ಡಿಗ್ರಿಗಳ ಅಂತರವಷ್ಟೇ ಇರುವುದರಿಂದ, ಸಣ್ಣ ಆಂಟೆನಾ ಪಕ್ಕದ ಉಪಗ್ರಹಕ್ಕೂ ಅಡಚಣೆ ಮಾಡಬಲ್ಲದು.

ಈ ತೊಡಕಿಗೆ ಒಂದು ಪರಿಹಾರ ಆಕಾಶದಲ್ಲಿಯೇ ಇದೆ: ಉಪಗ್ರಹದ ಆಂಟೆನಾ ದೊಡ್ಡದಾದರೆ ನೆಲದ ಆಂಟೆನಾ ಚಿಕ್ಕದಾಗಬಹುದು. 1975–76ರ 'ಸೈಟ್' ಪ್ರಯೋಗದಲ್ಲಿ ಅಂದಿನ ಅವಿಭಜಿತ ವಿಜಾಪುರ ಜಿಲ್ಲೆಯೂ ಸೇರಿದ್ದು, ಹಳ್ಳಿಗಳಲ್ಲಿ ತಂತಿಬಲೆಯ ಸುಮಾರು 3 ಮೀಟರ್ ತಟ್ಟೆಗಳ ಮೂಲಕ ದೂರದರ್ಶನ ಕಾಣಿಸಿತು. ಅಷ್ಟು ಸರಳ ತಟ್ಟೆ ಸಾಕಾದದ್ದು ಅಮೆರಿಕದ ಎಟಿಎಸ್-6 ಉಪಗ್ರಹ 9 ಮೀಟರ್ ಆಂಟೆನಾ ಹೊತ್ತಿದ್ದರಿಂದ. 2015ರ ಆಗಸ್ಟ್ 27ರಂದು ಇಸ್ರೋ ಉಡಾಯಿಸಿದ ಜಿಸ್ಯಾಟ್-6 ಇದೇ ತತ್ತ್ವವನ್ನು ಅನುಸರಿಸಿದೆ. ಕಕ್ಷೆಯಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ಅದರ 6 ಮೀಟರ್ ಎಸ್-ಬ್ಯಾಂಡ್ ಆಂಟೆನಾ ಕೈಯಲ್ಲಿ ಹಿಡಿಯುವಂಥ, ವಾಹನದ ಮೇಲಿಡುವಂಥ ಉಪಕರಣಗಳಿಗೆಂದೇ ರೂಪುಗೊಂಡದ್ದು.

ದಿಕ್ಕಿನ ಸಮಸ್ಯೆ

ಜಿಸ್ಯಾಟ್-6 ಇರುವ 83 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹ ವಿಜಯಪುರ ನಗರದಿಂದ ದಿಗಂತಕ್ಕಿಂತ ಸುಮಾರು 68 ಡಿಗ್ರಿ ಮೇಲೆ, ದಕ್ಷಿಣದಿಂದ 24 ಡಿಗ್ರಿ ಪೂರ್ವಕ್ಕೆ ಇರುತ್ತದೆ. ತಿಕೋಟಾ ಅಥವಾ ಬಬಲೇಶ್ವರಕ್ಕೆ ಹೋದರೂ ಈ ಕೋನಗಳು ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ವಾಹನದ ಮುಖ. ಪಶ್ಚಿಮದ ತಿಕೋಟಾ ಕಡೆಗೆ ಸಾಗುವಾಗ ಉಪಗ್ರಹ ಎಡಕ್ಕೆ, ತುಸು ಹಿಂದಿರುತ್ತದೆ; ನೈರುತ್ಯದ ಬಬಲೇಶ್ವರದ ದಾರಿ ಹಿಡಿದರೆ ಎಡಮುಂದಕ್ಕೆ ಬರುತ್ತದೆ. ಪ್ರತಿ ತಿರುವು, ಪ್ರತಿ ತಗ್ಗು ಕಿರಣಪುಂಜವನ್ನು ಗುರಿ ತಪ್ಪಿಸುತ್ತದೆ. ಗೈರೋಸ್ಕೋಪ್ ವಾಹನದ ಓಲಾಟವನ್ನು ಅಳೆದು, ಸಂಕೇತದ ಬಲವನ್ನು ಗಮನಿಸುತ್ತ ಕ್ಷಣಕ್ಷಣವೂ ಗುರಿಯನ್ನು ತಿದ್ದಬೇಕಾಗುತ್ತದೆ.

ತಿದ್ದುವ ಕೆಲಸವನ್ನು ಮೋಟಾರು ಮಾಡಬಹುದು. ಆದರೆ ಗುಮ್ಮಟದೊಳಗೆ ತಿರುಗುವ ತಟ್ಟೆ ಎತ್ತರವಾಗಿದ್ದು ಗಾಳಿಗೆ ಅಡ್ಡವಾಗುತ್ತದೆ. ಚಪ್ಪಟೆ ಫಲಕದ ಆಂಟೆನಾದಲ್ಲಿ ನೂರಾರು ಪುಟ್ಟ ಘಟಕಗಳಿದ್ದು, ಪ್ರತಿಯೊಂದಕ್ಕೂ ಹೋಗುವ ಸಂಕೇತವನ್ನು ಅತ್ಯಲ್ಪ ಹಿಂದುಮುಂದು ಮಾಡಿ, ಫಲಕ ಅಲುಗದಂತೆಯೇ ಪುಂಜವನ್ನು ತಿರುಗಿಸಲಾಗುತ್ತದೆ. ಇದು ದುಬಾರಿ, ವಿದ್ಯುತ್ತನ್ನೂ ಹೆಚ್ಚು ಬೇಡುತ್ತದೆ. ಪುಂಜ ನಡುನೆತ್ತಿಯಿಂದ ಓರೆಯಾದಷ್ಟೂ ಫಲಕದ ಸಾಮರ್ಥ್ಯ ಕುಗ್ಗುತ್ತದೆ. ಇಲ್ಲಿ ವಿಜಯಪುರದ ಅಕ್ಷಾಂಶ ಅನುಕೂಲಕರ: 68 ಡಿಗ್ರಿ ಎತ್ತರದ ಉಪಗ್ರಹಕ್ಕೆ ನಷ್ಟ ಶೇ. 7ರಷ್ಟು ಮಾತ್ರ. ಲಂಡನ್ನಿನಲ್ಲಿ ಭೂಸ್ಥಿರ ಉಪಗ್ರಹ 31 ಡಿಗ್ರಿಗಿಂತ ಮೇಲೇರುವುದೇ ಇಲ್ಲ. ಅಲ್ಲಿ ಸುಮಾರು ಅರ್ಧ ಸಾಮರ್ಥ್ಯ ವ್ಯರ್ಥ.

ವಾಹನದ ಪ್ರಭಾವ

ವಾಹನದ ಲೋಹದ ಮೈ ರೇಡಿಯೋ ತರಂಗಗಳನ್ನು ಪ್ರತಿಫಲಿಸುತ್ತದೆ. ಭಾರತದ ಆ್ಯಪಲ್ ಉಪಗ್ರಹವನ್ನು 1981ರ ಉಡಾವಣೆಗೆ ಮುನ್ನ ಬೆಂಗಳೂರಿನಲ್ಲಿ ಎತ್ತಿನ ಗಾಡಿಯ ಮೇಲಿಟ್ಟ ಚಿತ್ರ ಪ್ರಸಿದ್ಧ. ಅದನ್ನು ಬಡತನದ ಗುರುತೆಂದು ತಿಳಿಯುವವರುಂಟು. ಆಂಟೆನಾ ಪರೀಕ್ಷೆಯಲ್ಲಿ ಲೋಹದ ವಾಹನದಿಂದ ಅಳತೆ ಕೆಡಬಾರದೆಂಬುದು ನಿಜವಾದ ಕಾರಣ. ಜೀಪಿನ ಚಾವಣಿಯನ್ನು ಮರದ್ದಾಗಿಸಲು ಬರುವುದಿಲ್ಲವಾದ್ದರಿಂದ ವಿನ್ಯಾಸಕಾರರು ಅದನ್ನು ಆಂಟೆನಾದ ಭಾಗವೆಂದೇ ಎಣಿಸಿ ಲೆಕ್ಕ ಹಾಕುತ್ತಾರೆ.

ಅಡೆತಡೆಗಳು

ಉಪಗ್ರಹ ಎತ್ತರದಲ್ಲಿರುವುದರಿಂದ ವಿಜಯಪುರದಲ್ಲಿ 10 ಮೀಟರ್ ಎತ್ತರದ ಕಟ್ಟಡ ಮರೆಮಾಡುವುದು ಸುಮಾರು 4 ಮೀಟರ್ ಅಗಲದ ನೆಲವನ್ನಷ್ಟೇ. ರಸ್ತೆಯ ಮೇಲೆ ಬಾಗಿದ ಬೇವು, ಹುಣಸೆ ಮರಗಳು ಹೆಚ್ಚು ತೊಂದರೆ ಕೊಡುತ್ತವೆ. ಜೋರು ಮಳೆ ಕೆಯು-ಬ್ಯಾಂಡ್ ಸಂಕೇತವನ್ನು ಕುಗ್ಗಿಸುತ್ತದೆ. ಎಸ್-ಬ್ಯಾಂಡ್ ಸಂಕೇತಕ್ಕೆ ಮಳೆಯ ಬಾಧೆ ಬಹಳ ಕಡಿಮೆ.