ಗಾಜಿನ ಕಾಫಿ ಪರ್ಕೊಲೇಟರ್: ಶುಚಿಯಾಗಿದ್ದರೆ ರುಚಿ, ಜೋಪಾನ ಮಾಡಿದರೆ ಬಾಳಿಕೆ

ಗಬ್ಬೂರ (ಹುಬ್ಬಳ್ಳಿ): ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ 70ರಷ್ಟು ಪಾಲು ಕರ್ನಾಟಕದ್ದು. ಆದರೆ ಕೊಡಗು, ಚಿಕ್ಕಮಗಳೂರು, ಹಾಸನಗಳ ಆ ಬೆಳೆಗೆ ಹುಬ್ಬಳ್ಳಿ-ಧಾರವಾಡದ ಅಡುಗೆಮನೆಯಲ್ಲಿ ಚಹಾದ ನಂತರದ ಸ್ಥಾನ. ಹೀಗಿದ್ದರೂ ಅನೇಕ ಮನೆಗಳ ಕಪಾಟಿನಲ್ಲಿ ವಿದೇಶದಲ್ಲಿರುವ ಬಂಧುಗಳು ತಂದುಕೊಟ್ಟ ಅಥವಾ ಮದುವೆಯಲ್ಲಿ ಉಡುಗೊರೆಯಾಗಿ ಬಂದ ಗಾಜಿನ ಪರ್ಕೊಲೇಟರ್ ಒಂದು ಕುಳಿತಿರುತ್ತದೆ. ನೆಂಟರು ಬಂದಾಗ ಹೊರಬರುವ ಈ ಪಾತ್ರೆ ನೋಡಲು ಅಂದ. ಆದರೆ ಅದನ್ನು ತೊಳೆಯುವ, ಇಡುವ ಕ್ರಮ ಅರಿಯದಿದ್ದರೆ ಕಾಫಿ ಕೆಡುವುದಷ್ಟೇ ಅಲ್ಲ, ಕೈಯೂ ಸುಡುತ್ತದೆ.

ಈ ಮಾತಿಗೆ ವರದಿಗಾರನ ಮನೆಯೇ ಸಾಕ್ಷಿ. ಎರಡು ವರ್ಷ ಚೆನ್ನಾಗಿ ನಡೆದ ಪರ್ಕೊಲೇಟರನ್ನು ಒಂದು ಸಂಜೆ ಒಲೆಯಿಂದ ಇಳಿಸಿದ ಕೂಡಲೇ ನಲ್ಲಿಯ ಕೆಳಗೆ ಹಿಡಿದದ್ದೇ ತಪ್ಪಾಯಿತು. ‘ಟಕ್’ ಎಂಬ ಸದ್ದಿನೊಂದಿಗೆ ತಳ ಕಳಚಿ ಬಿದ್ದಿತು. ಅದೃಷ್ಟವಶಾತ್ ಒಳಗಿದ್ದ ಕಾಫಿ ಆಗಲೇ ಬಟ್ಟಲುಗಳಿಗೆ ಬಗ್ಗಿಸಿಯಾಗಿತ್ತು. ಪಕ್ಕದಲ್ಲಿ ಮಗು ನಿಂತಿತ್ತೆಂಬುದು ಇಂದಿಗೂ ಮೈ ನಡುಗಿಸುವ ನೆನಪು.

ಕೆಲಸ ಮಾಡುವ ಬಗೆ

ಪರ್ಕೊಲೇಟರಿನಲ್ಲಿ ಮುಖ್ಯವಾಗಿ ಐದು ಭಾಗಗಳು: ಗಾಜಿನ ಪಾತ್ರೆ, ನಡುವಿನ ಕೊಳವೆ, ಪುಡಿ ಹಾಕುವ ರಂಧ್ರಗಳ ಬುಟ್ಟಿ, ಅದರ ಮೇಲಿನ ತೂತಿನ ತಟ್ಟೆ ಹಾಗೂ ಮುಚ್ಚಳ. ತಳದ ನೀರು ಕುದಿಯತೊಡಗಿದಾಗ ಆವಿಯ ಗುಳ್ಳೆಗಳು ನೀರನ್ನು ಕೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತವೆ. ಆ ನೀರು ಮುಚ್ಚಳಕ್ಕೆ ತಾಗಿ, ತಟ್ಟೆಯ ಮೇಲೆ ಬಿದ್ದು, ಪುಡಿಯ ಮೂಲಕ ಹನಿಹನಿಯಾಗಿ ಕೆಳಗಿಳಿಯುತ್ತದೆ. ಕಾಫಿಯ ಬಣ್ಣ ಗಾಢವಾಗುವುದನ್ನು ಕಣ್ಣಾರೆ ಕಾಣಬಹುದೆಂಬುದೇ ಗಾಜಿನ ಅನುಕೂಲ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಇಳಿದ ಕಾಫಿಯೇ ಮತ್ತೆ ಮತ್ತೆ ಕುದಿದು ಕಹಿಯಾಗುತ್ತದೆ.

ನಮ್ಮಲ್ಲಿ ಫಿಲ್ಟರ್‌ಗೆಂದು ಮಾರುವ ನುಣ್ಣನೆಯ ಪುಡಿ ಇದಕ್ಕೆ ಹೊಂದದು. ಅದು ಬುಟ್ಟಿಯ ರಂಧ್ರಗಳಿಂದ ಜಾರಿ ತಳ ಸೇರುತ್ತದೆ, ಇಲ್ಲವೇ ರಂಧ್ರಗಳನ್ನೇ ಮುಚ್ಚುತ್ತದೆ. ಆಗ ಬುಟ್ಟಿ ತುಂಬಿ ಉಕ್ಕುವುದುಂಟು. ಚಿಕೋರಿ ಬೆರೆತ ಪುಡಿಯಾದರೆ ಜಿಗುಟು ಇನ್ನೂ ಹೆಚ್ಚು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ 51ರಷ್ಟು ಕಾಫಿ ಇರಬೇಕೆಂಬುದು ನಿಯಮ. ಉಳಿದ ಶೇ 49ರವರೆಗೆ ಚಿಕೋರಿ ಇರಬಹುದು. ಆದ್ದರಿಂದ ಪುಡಿ ಮಾಡಿಸುವಾಗ ಚಿಕೋರಿ ಬೇಡವೆಂದು ಹೇಳಿ, ರವೆಯಂತೆ ತರಿಯಾಗಿ ಬೀಸಿಸಿಕೊಳ್ಳುವುದು ಲೇಸು.

ಗಾಜು ಒಡೆಯುವುದೇಕೆ?

ಕಾಯಿಸಿದ ಗಾಜು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಒಂದು ಬದಿ ಬಿಸಿಯಾಗಿದ್ದು ಇನ್ನೊಂದು ಬದಿ ಥಟ್ಟನೆ ತಣ್ಣಗಾದರೆ ನಡುವೆ ಎಳೆತ ಉಂಟಾಗಿ ಬಿರುಕು ಹುಟ್ಟುತ್ತದೆ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದಾಗ ಸಾಧಾರಣ ಗಾಜು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 9 ಪಾಲು ಹಿಗ್ಗಿದರೆ, ಬೋರೊಸಿಲಿಕೇಟ್ ಗಾಜು ಹಿಗ್ಗುವುದು ಸುಮಾರು 3.3 ಪಾಲು ಮಾತ್ರ. ಪ್ರಯೋಗಾಲಯದ ಬೀಕರುಗಳನ್ನು ಈ ಗಾಜಿನಿಂದ ಮಾಡುವುದು ಇದೇ ಕಾರಣಕ್ಕೆ. ಜರ್ಮನಿಯ ಒಟ್ಟೊ ಶಾಟ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ರೂಪಿಸಿದರು. ಅಮೆರಿಕದ ಕಾರ್ನಿಂಗ್ ಕಂಪನಿ 1915ರಲ್ಲಿ ‘ಪೈರೆಕ್ಸ್’ ಹೆಸರಿನಲ್ಲಿ ಇಂಥ ಗಾಜನ್ನು ಅಡುಗೆಮನೆಗೆ ತಂದಿತು. ಒಲೆಯ ಮೇಲಿಡಲೆಂದೇ ಅದು 1936ರಲ್ಲಿ ಹೊರತಂದ ‘ಫ್ಲೇಮ್‌ವೇರ್’ ಸಾಲಿನ ಪರ್ಕೊಲೇಟರುಗಳ ತಯಾರಿಕೆ 1979ರಲ್ಲಿ ನಿಂತಿತು. ಹಳೆಯ ಮನೆಗಳಲ್ಲಿ ಕಾಣುವ ಕೆಲವು ಪಾತ್ರೆಗಳು ಆ ಕಾಲದವು.

ಆದರೆ ಹೆಸರು ನೋಡಿ ಭರವಸೆ ಇಡುವಂತಿಲ್ಲ. ಓವನ್ನಿಗೆಂದು ಮಾಡಿದ ಗಾಜು ನೇರ ಉರಿಯನ್ನು ತಾಳಬೇಕೆಂದಿಲ್ಲ. ವಿದ್ಯುತ್ ಕಾಫಿ ಯಂತ್ರದ ಗಾಜಿನ ಹೂಜಿಯನ್ನಂತೂ ಗ್ಯಾಸ್ ಒಲೆಯ ಮೇಲಿಡಲೇಬಾರದು. ಒಲೆಯ ಮೇಲೆ ಬಳಸಬಹುದೆಂಬ ಗುರುತು ತಳದಲ್ಲಿದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಒಲೆಯ ಮೇಲಿಡುವಾಗ ಹೊರಮೈ ಒಣಗಿರಲಿ. ಖಾಲಿ ಪಾತ್ರೆಯನ್ನು ಕಾಯಿಸಬಾರದು. ಉರಿ ತಳದ ಅಂಚನ್ನು ದಾಟದಿರಲಿ; ನಡುವೆ ತಂತಿಯ ಜಾಲರಿ ಇಟ್ಟರೆ ಶಾಖ ಸಮನಾಗಿ ಹರಡುತ್ತದೆ. ಇಳಿಸಿದ ಮೇಲೆ ಒದ್ದೆಯಾದ ಕಡಪಾ ಕಲ್ಲಿನ ಕಟ್ಟೆಯ ಮೇಲಲ್ಲ, ಮಡಿಸಿದ ಒಣ ಬಟ್ಟೆ ಅಥವಾ ಮರದ ಹಲಗೆಯ ಮೇಲಿಡಬೇಕು.

ತೊಳೆಯುವ ಕ್ರಮ

ಪಾತ್ರೆ ಪೂರ್ತಿ ಆರಿದ ಬಳಿಕವೇ ನೀರು ಮುಟ್ಟಿಸಬೇಕು. ಪುಡಿಯನ್ನು ಗಿಡದ ಬುಡಕ್ಕೆ ಅಥವಾ ಹಸಿ ಕಸಕ್ಕೆ ಹಾಕಿ, ಭಾಗಗಳನ್ನೆಲ್ಲ ಬಿಡಿಸಿ, ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ಮೆತ್ತನೆಯ ಸ್ಪಂಜಿನಿಂದ ತೊಳೆಯಬೇಕು. ಕೊಳವೆಯ ಒಳಭಾಗಕ್ಕೆ ಸಪೂರ ಬ್ರಷ್ ಬೇಕು. ಎಲ್ಲರೂ ಮರೆಯುವುದು ಈ ಕೊಳವೆಯನ್ನೇ. ಬೂದಿ, ಮರಳು, ತಂತಿಯ ಉಜ್ಜುಗ ಬೇಡ. ಅವು ಎಳೆಯುವ ಗೀರುಗಳೇ ಮುಂದೆ ಬಿರುಕಿನ ಬೇರಾಗುತ್ತವೆ.

ನಿತ್ಯ ತೊಳೆದರೂ ಎರಡು ಬಗೆಯ ಕೊಳೆ ಉಳಿಯುತ್ತದೆ. ಮೊದಲನೆಯದು ಕಾಫಿಯ ಜಿಡ್ಡು. ಕಂದು ಪೊರೆಯಂತೆ ಅಂಟುವ ಈ ಎಣ್ಣೆ ದಿನ ಕಳೆದಂತೆ ಕಮಟಾಗಿ ಹೊಸ ಕಾಫಿಯ ರುಚಿಯನ್ನೂ ಕೆಡಿಸುತ್ತದೆ. ಒಂದು ಲೀಟರ್ ಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಗಾಜಿನ ಪಾತ್ರೆಯಲ್ಲಿ ಅರ್ಧ ಗಂಟೆ ಬಿಟ್ಟರೆ ಅದು ಸಡಿಲಗೊಳ್ಳುತ್ತದೆ. ಬುಟ್ಟಿ, ಕೊಳವೆ ಅಲ್ಯುಮಿನಿಯಂನದ್ದಾಗಿದ್ದರೆ ಸೋಡಾ ನೀರಿನಲ್ಲಿ ನೆನೆಹಾಕಬಾರದು, ಲೋಹ ಕಪ್ಪಾಗುತ್ತದೆ.

ಎರಡನೆಯದು ಬಿಳಿ ಕರೆ. ಮಲಪ್ರಭಾ ನೀರು ಬಾರದ ದಿನಗಳಲ್ಲಿ ಕೊಳವೆಬಾವಿಯನ್ನು ನಂಬಿದ ಮನೆಗಳಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಒಳ್ಳೆಯದೆಂದೂ, ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ನಡೆಯುತ್ತದೆಂದೂ ಭಾರತೀಯ ಮಾನಕ ಹೇಳುತ್ತದೆ. ಗಡಸು ನೀರು ಕುದಿದಾಗ ಅದರಲ್ಲಿನ ಸುಣ್ಣದಂಶ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಾಜಿಗೆ ಅಂಟುತ್ತದೆ. ಸಾಬೂನಿಗೆ ಇದು ಬಗ್ಗದು, ಹುಳಿಗೆ ಬಗ್ಗುತ್ತದೆ. ಒಂದು ಲೀಟರ್ ನೀರಿಗೆ ಎರಡು ನಿಂಬೆಹಣ್ಣಿನ ರಸ ಅಥವಾ ಒಂದು ಚಮಚ ಸಿಟ್ರಿಕ್ ಆಮ್ಲ ಹಾಕಿ ಅರ್ಧ ಗಂಟೆ ಬಿಟ್ಟರೆ ಗುಳ್ಳೆ ಎದ್ದು ಕರೆ ಕರಗುತ್ತದೆ.

ಸೋಡಾ ಮತ್ತು ಹುಳಿಯನ್ನು ಒಟ್ಟಿಗೆ ಹಾಕಿದರೆ ಇಮ್ಮಡಿ ಫಲ ಎಂಬ ನಂಬಿಕೆ ಇದೆ. ಅದು ಸರಿಯಲ್ಲ. ನೊರೆ ಬಹಳ ಬರುತ್ತದೆ ನಿಜ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ಮೊದಲು ಸೋಡಾದಿಂದ ಜಿಡ್ಡು ತೆಗೆದು, ಚೆನ್ನಾಗಿ ಜಾಲಿಸಿ, ಅನಂತರ ಹುಳಿ ಬಳಸಬೇಕು.

ಎತ್ತಿಡುವಾಗ

ಒರೆಸಿ, ಗಾಳಿಗಿಟ್ಟು, ಪೂರ್ತಿ ಒಣಗಿದ ಮೇಲೆ ಭಾಗಗಳನ್ನು ಬೇರೆಬೇರೆಯಾಗಿಯೇ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಮುಚ್ಚಳ ಬಿಗಿದಿಟ್ಟರೆ ಮಳೆಗಾಲದಲ್ಲಿ ಒಳಗೆ ಮುಗ್ಗಲು ವಾಸನೆ ಕೂರುತ್ತದೆ. ಜಾಗ ಉಳಿಸಲೆಂದು ಗಾಜಿನೊಳಗೆ ಸ್ಟೀಲ್ ಲೋಟ, ಚಮಚಗಳನ್ನು ತುಂಬುವುದು ಬೇಡ. ಎತ್ತರದ ಅಟ್ಟಕ್ಕಿಂತ ಕೆಳಗಿನ ಕಪಾಟಿನ ಒಳಬದಿ ಸುರಕ್ಷಿತ.

ಮತ್ತೆ ಬಳಸುವ ಮುನ್ನ ಎರಡು ಪರೀಕ್ಷೆ ಮಾಡಬೇಕು. ಪಾತ್ರೆಯನ್ನು ಬೆಳಕಿಗೆ ಹಿಡಿದು ಗೀರು, ಬಿರುಕು ಇವೆಯೇ ನೋಡಬೇಕು. ಬಳಿಕ ತಣ್ಣೀರು ತುಂಬಿ, ತೊಟ್ಟಿಯ ಮೇಲೆ ಹಿಡಿಕೆಯಿಂದ ಎತ್ತಿ, ಕುತ್ತಿಗೆಯ ಪಟ್ಟಿ ಸಡಿಲವಾಗಿದೆಯೇ ಪರಿಶೀಲಿಸಬೇಕು. ಗಾಜು ಗಟ್ಟಿಯಿದ್ದರೂ ಹಿಡಿಕೆ ಕಳಚಿದರೆ ಅಪಾಯ ಅಷ್ಟೇ.

ಬಿಸಿ ಕಾಫಿ ಮೈಮೇಲೆ ಚೆಲ್ಲಿದರೆ ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿಯ ತಣ್ಣೀರು ಹರಿಯಲಿ. ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಹಚ್ಚಬಾರದು. ಗಾಯ ದೊಡ್ಡದಿದ್ದರೆ ಅಥವಾ ಸುಟ್ಟದ್ದು ಮಗುವಿಗಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಬಿರುಕು ಬಿಟ್ಟ ಪಾತ್ರೆಗೆ ಅಂಟು ಹಾಕಿ ಮತ್ತೆ ಒಲೆಗೇರಿಸುವುದು ಸಲ್ಲದು. ಅದನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಒಡೆದ ಗಾಜು’ ಎಂದು ಬರೆದು ಪ್ರತ್ಯೇಕವಾಗಿ ಕೊಟ್ಟರೆ ಕಸ ಒಯ್ಯುವ ಪೌರಕಾರ್ಮಿಕರ ಕೈಯೂ ಉಳಿಯುತ್ತದೆ. ನಮ್ಮ ಮನೆಯ ಒಡೆದ ಪಾತ್ರೆ ಹೋದದ್ದೂ ಹಾಗೆಯೇ. ಅದರ ಬುಟ್ಟಿ, ಕೊಳವೆ ಮಾತ್ರ ಇನ್ನೂ ಕಪಾಟಿನಲ್ಲಿವೆ, ಅವಸರ ಮಾಡಬಾರದೆಂಬ ಎಚ್ಚರಿಕೆಗೆ.