ಅಂಗೈಯ ಮೇಲಣ ಒಂಟೆ

ಆಟಿಕೆಗೂ ಪ್ರತಿಕೃತಿಗೂ ಇರುವ ಭೇದವೇನು ಎಂಬ ಪ್ರಶ್ನೆಯಿಂದ ಈ ಮಾತನ್ನು ಆರಂಭಿಸಬಹುದು. ಮಗುವಿನ ಕೈಯಲ್ಲಿರುವ ಮರದ ಕುದುರೆಗೆ ನಾಲ್ಕು ಕಾಲು, ಒಂದು ಬಾಲ ಇದ್ದರೆ ಸಾಕು. ಉಳಿದುದನ್ನು ಮಗುವಿನ ಕಲ್ಪನೆಯೇ ತುಂಬಿಕೊಳ್ಳುತ್ತದೆ. ಪ್ರತಿಕೃತಿಗೆ ಆ ಸ್ವಾತಂತ್ರ್ಯವಿಲ್ಲ. ಮೂಲವಸ್ತುವಿನ ಪ್ರತಿಯೊಂದು ಅಳತೆಯನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ, ಆ ಲೆಕ್ಕಕ್ಕೆ ನಿಷ್ಠವಾಗಿ ಅದನ್ನು ರೂಪಿಸಬೇಕು. ನಮ್ಮ ಭಾಷೆಯಲ್ಲಿ ‘ಪ್ರಮಾಣ’ ಎಂಬ ಒಂದೇ ಶಬ್ದಕ್ಕೆ ಅಳತೆಯೆಂಬ ಅರ್ಥವೂ ಉಂಟು, ಸಾಕ್ಷ್ಯವೆಂಬ ಅರ್ಥವೂ ಉಂಟು. ಈ ಎರಡು ಅರ್ಥಗಳೂ ಕೂಡುವ ಒಂದು ಹವ್ಯಾಸವನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಹಳೆಯ ಕಾಲದ ಜೋಡಿರೆಕ್ಕೆಯ ಯುದ್ಧವಿಮಾನವೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟುವುದು ಆ ಹವ್ಯಾಸ. ಉದಾಹರಣೆಗೆ, ಮೊದಲನೆಯ ಮಹಾಯುದ್ಧದಲ್ಲಿ ಹೆಸರಾದ ಬ್ರಿಟಿಷ್ ವಿಮಾನ ಸಾಪ್‌ವಿತ್ ಕ್ಯಾಮೆಲನ್ನು ತೆಗೆದುಕೊಳ್ಳೋಣ.

ಕ್ಯಾಮೆಲ್ ಎಂದರೆ ಒಂಟೆ. ಚಾಲಕನ ಮುಂದುಗಡೆ ಜೋಡಿಸಿದ ಎರಡು ವಿಕರ್ಸ್ ಮೆಷಿನ್ ಗನ್ನುಗಳ ಹಿಂಭಾಗವನ್ನು ಮುಚ್ಚಲು ಲೋಹದ ಹೊದಿಕೆಯೊಂದನ್ನು ಹಾಕಿದ್ದರು. ಅದು ಒಂಟೆಯ ಡುಬ್ಬದಂತೆ ಕಾಣುತ್ತಿದ್ದುದರಿಂದ ಈ ಹೆಸರು ಬಂತು. 1916ರ ಡಿಸೆಂಬರಿನಲ್ಲಿ ಮೊದಲು ಹಾರಿದ ಈ ವಿಮಾನ 1917ರ ಬೇಸಗೆಯಲ್ಲಿ ಯುದ್ಧರಂಗಕ್ಕೆ ಇಳಿಯಿತು. ಒಟ್ಟು ಸುಮಾರು 5,500 ವಿಮಾನಗಳು ತಯಾರಾದವು. ಅವುಗಳಲ್ಲಿ ಇಂದು ಮೂಲರೂಪದಲ್ಲಿ ಉಳಿದಿರುವುವು ಬೆರಳೆಣಿಕೆಯಷ್ಟು ಮಾತ್ರ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಒಂದಿದೆ, ಹೆಂಡನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದಿದೆ. ಕಟ್ಟಿಗೆ, ಬಟ್ಟೆ, ತಂತಿ, ಇವೇ ಅದರ ಮುಖ್ಯ ಸಾಮಗ್ರಿಗಳಾಗಿದ್ದುದರಿಂದ ಯುದ್ಧ ಮುಗಿದ ಮೇಲೆ ಅದು ಬಹುಕಾಲ ಬಾಳುವಂತಿರಲಿಲ್ಲ. ಮೂಲವೇ ಹೀಗೆ ಅಳಿದುಹೋದ ವಸ್ತುವಿನ ವಿಷಯದಲ್ಲಿ ಪ್ರತಿಕೃತಿಯ ಹೊಣೆ ಸ್ವಲ್ಪ ಹೆಚ್ಚಿನದು.

ಬ್ರಿಟನ್ನಿನ ಫ್ರಾಗ್ ಸಂಸ್ಥೆ 1936ರಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನಿಂದ ಪ್ಲಾಸ್ಟಿಕ್ ವಿಮಾನಗಳ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಲು ತೊಡಗಿತು. ಅದು ಆರಿಸಿಕೊಂಡ ಅಳತೆ ಒಂದು ಅಂಗುಲಕ್ಕೆ ಆರು ಅಡಿ, ಅಂದರೆ 72ರಲ್ಲಿ ಒಂದು ಪಾಲು. 1950ರ ದಶಕದಲ್ಲಿ ಏರ್‌ಫಿಕ್ಸ್ ಸಂಸ್ಥೆ ಅದೇ ಅಳತೆಯನ್ನು ಹಿಡಿದು, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಅಗ್ಗದ ಪೊಟ್ಟಣಗಳನ್ನು ತಯಾರಿಸಿ ಈ ಹವ್ಯಾಸವನ್ನು ಸಾಮಾನ್ಯರ ಮನೆಗೆ ಮುಟ್ಟಿಸಿತು. ಕ್ಯಾಮೆಲಿನ ರೆಕ್ಕೆಗಳ ಹರವು 28 ಅಡಿ. 72ರಿಂದ ಭಾಗಿಸಿದರೆ 12 ಸೆಂಟಿಮೀಟರಿಗೂ ತುಸು ಕಡಮೆ. ಉದ್ದ 18 ಅಡಿ 9 ಅಂಗುಲ. ಅದು 8 ಸೆಂಟಿಮೀಟರಿಗೆ ಇಳಿಯುತ್ತದೆ. ಐದೂವರೆ ಅಡಿಯ ಚಾಲಕ ಎರಡೂಕಾಲು ಸೆಂಟಿಮೀಟರ್ ಆಗುತ್ತಾನೆ. ಹೀಗೆ ಇಡೀ ವಿಮಾನ ಅಂಗೈಯ ಮೇಲೆ ನಿಲ್ಲುತ್ತದೆ. ಕಣ್ಣು ಮಂದವಾದವರಿಗೆ 48ರಲ್ಲಿ ಒಂದರ, 32ರಲ್ಲಿ ಒಂದರ ದೊಡ್ಡ ಅಳತೆಗಳೂ ಉಂಟು.

ಕಟ್ಟುವ ಮೊದಲು, ಈ ವಿಮಾನಗಳಿಗೆ ಎರಡು ರೆಕ್ಕೆಗಳೇಕೆ ಎಂಬುದನ್ನು ತಿಳಿಯಬೇಕು. ಆ ಕಾಲದ ರೆಕ್ಕೆ ತೆಳ್ಳಗಿನದು. ಕಟ್ಟಿಗೆಯ ಎಲುಬುಗಳ ಮೇಲೆ ಬಟ್ಟೆ ಹೊದಿಸಿದ ಅಂಥ ರೆಕ್ಕೆ ತನ್ನ ಬಲದಿಂದಲೇ ನೆಟ್ಟಗೆ ನಿಲ್ಲಲಾರದು. ಗಾಳಿಯ ಒತ್ತಡಕ್ಕೆ ಬಾಗಿ ಮುರಿಯುತ್ತದೆ. ಇದಕ್ಕೆ ಪರಿಹಾರ ದೊರೆತದ್ದು ಸೇತುವೆ ಕಟ್ಟುವವರಿಂದ. ಆಕ್ಟೇವ್ ಶಾನ್ಯೂಟ್ ಎಂಬ ಅಮೆರಿಕದ ಎಂಜಿನಿಯರ್ ರೈಲುಮಾರ್ಗಗಳಿಗೂ ಸೇತುವೆಗಳಿಗೂ ಹೆಸರಾದವನು. 1896ರಲ್ಲಿ ತನ್ನ ತೇಲುವಿಮಾನಕ್ಕೆ ಅವನು ಸೇತುವೆಯ ವಿನ್ಯಾಸವನ್ನೇ ಅಳವಡಿಸಿದ: ಮೇಲೊಂದು ರೆಕ್ಕೆ, ಕೆಳಗೊಂದು ರೆಕ್ಕೆ, ನಡುವೆ ನಿಲುಗಂಬಗಳು, ಮೂಲೆಯಿಂದ ಮೂಲೆಗೆ ಎಳೆದು ಕಟ್ಟಿದ ತಂತಿಗಳು. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನವೂ ಈ ಬಗೆಯದೇ. ಚಿತ್ರದಲ್ಲಿ ನೋಡುವವನಿಗೆ ಈ ತಂತಿಗಳು ಬಟ್ಟೆ ಒಣಹಾಕುವ ಹಗ್ಗಗಳಂತೆ ತೋರಬಹುದು. ಆದರೆ ಅವನ್ನು ಕತ್ತರಿಸಿದರೆ ವಿಮಾನವೇ ಇಲ್ಲ.

ಇನ್ನು ಕಟ್ಟಡದ ಕ್ರಮ. ಪೆಟ್ಟಿಗೆ ತೆರೆದರೆ ಬಿಡಿಭಾಗಗಳೆಲ್ಲ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅಚ್ಚಿನಿಂದ ಬಂದ ಜಿಡ್ಡು ಹೋಗುವಂತೆ ಅವನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಭಾಗಗಳನ್ನು ತಿರುಚಿ ಕೀಳದೆ ಹರಿತವಾದ ಅಲಗಿನಿಂದ ಕತ್ತರಿಸಿ, ಉಳಿದ ಮೊಳೆಯನ್ನು ಅರದಿಂದ ಉಜ್ಜಬೇಕು. ಇಲ್ಲಿ ಬಳಸುವ ಅಂಟು ಗೋಂದಿನಂಥದಲ್ಲ. ಅದು ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಎರಡು ಭಾಗಗಳನ್ನು ಒಂದಾಗಿ ಬೆಸೆಯುತ್ತದೆ. ಆದುದರಿಂದ ಒಂದು ಹನಿ ಹೆಚ್ಚಾದರೂ ಅಚ್ಚಿನ ಸೂಕ್ಷ್ಮರೇಖೆಗಳು ಅಳಿಸಿಹೋಗುತ್ತವೆ.

ಮೊದಲ ಕೆಲಸ ಒಳಗಿನದು. ಚಾಲಕನ ಬೆತ್ತದ ಆಸನ, ಹಿಡಿಕೋಲು, ಕಾಲಿನಿಂದ ಒತ್ತುವ ಅಡ್ಡಪಟ್ಟಿ, ಇವಕ್ಕೆ ಬಣ್ಣ ಹಾಕಿ ಒಡಲಿನ ಎರಡು ಹೋಳುಗಳ ನಡುವೆ ಸೇರಿಸಿ ಮುಚ್ಚಬೇಕು. ಮುಚ್ಚಿದ ಮೇಲೆ ಇವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುವುದಿಲ್ಲ. ಆದರೂ ಬಲ್ಲವರು ಈ ಕೆಲಸವನ್ನು ಬಿಡುವುದಿಲ್ಲ. ಇಲ್ಲಿಯೇ ಕ್ಯಾಮೆಲಿನ ಒಂದು ಗುಟ್ಟು ಕೈಗೆ ಹತ್ತುತ್ತದೆ: ಎಂಜಿನ್, ಬಂದೂಕುಗಳು, ಪೆಟ್ರೋಲಿನ ತೊಟ್ಟಿ, ಚಾಲಕ, ಈ ಭಾರವೆಲ್ಲ ವಿಮಾನದ ಮುಂದಿನ ಸುಮಾರು ಏಳು ಅಡಿಗಳಲ್ಲಿಯೇ ಅಡಕವಾಗಿದೆ.

ಮೂತಿಯಲ್ಲಿರುವ ಎಂಜಿನ್ನಿನ ವೈಚಿತ್ರ್ಯ ಇದಕ್ಕೂ ಮಿಗಿಲಾದದ್ದು. ಕ್ಯಾಮೆಲಿನಲ್ಲಿ ಸಾಮಾನ್ಯವಾಗಿ ಬಳಕೆಯಾದ ಕ್ಲರ್ಜೆ ಎಂಜಿನ್ನಿಗೆ ಒಂಬತ್ತು ಸಿಲಿಂಡರುಗಳು, 130 ಅಶ್ವಶಕ್ತಿ. ಅದರ ನಡುವಿನ ದಂಡ ಅಲುಗಾಡದೆ ನಿಂತು, ಒಂಬತ್ತು ಸಿಲಿಂಡರುಗಳೂ ಪಂಕದೊಡನೆ ಗಿರಗಿರನೆ ಸುತ್ತುತ್ತಿದ್ದವು. ಸುತ್ತುವ ಬುಗುರಿಯನ್ನು ಓರೆಮಾಡಲು ಹೋದರೆ ಅದು ಬೇರೊಂದು ದಿಕ್ಕಿಗೆ ಹೊರಳುವುದನ್ನು ನಾವೆಲ್ಲ ಕಂಡಿದ್ದೇವೆ. ಕ್ಯಾಮೆಲಿನ ಸ್ವಭಾವವೂ ಅದೇ. ಬಲಕ್ಕೆ ತಿರುಗಿಸಿದರೆ ಮೂತಿ ಕೆಳಕ್ಕೆ, ಎಡಕ್ಕೆ ತಿರುಗಿಸಿದರೆ ಮೇಲಕ್ಕೆ. ಪಳಗಿದವನಿಗೆ ಆ ಬಲತಿರುವು ಶತ್ರುವಿನಿಂದ ತಪ್ಪಿಸಿಕೊಳ್ಳುವ ಉಪಾಯವಾಯಿತು. ಹೊಸಬನಿಗೆ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಮೃತ್ಯುವಾಯಿತು. ಈ ವಿಮಾನವನ್ನು ಹಾರಿಸುತ್ತ ಕಾದಾಟದಲ್ಲಿ ಮಡಿದವರು ಸುಮಾರು 400 ಮಂದಿ. ಕಾದಾಟವಿಲ್ಲದೆ ಅಪಘಾತಗಳಲ್ಲಿಯೇ ಸತ್ತವರ ಸಂಖ್ಯೆಯೂ ಹೆಚ್ಚುಕಡಮೆ ಅಷ್ಟೇ. ಬ್ರಿಟಿಷ್ ಚಾಲಕರಿಗೆ ಆಗ ಪ್ಯಾರಾಚೂಟುಗಳನ್ನೂ ಕೊಟ್ಟಿರಲಿಲ್ಲ. ಈ ಎಂಜಿನ್ನಿಗೆ ಜಾರೆಣ್ಣೆಯಾಗಿ ಹೊಯ್ಯುತ್ತಿದ್ದುದು ಹರಳೆಣ್ಣೆ. ಅದು ಪೆಟ್ರೋಲಿನೊಡನೆ ಸುಲಭವಾಗಿ ಬೆರೆಯುವುದಿಲ್ಲವೆಂಬುದೇ ಕಾರಣ. ಸುತ್ತುವ ಸಿಲಿಂಡರುಗಳು ಅದನ್ನು ಹಿಂದಕ್ಕೆ ಎರಚುತ್ತಿದ್ದುದರಿಂದ ಚಾಲಕನ ಮುಖ, ಉಡುಪುಗಳೆಲ್ಲ ಎಣ್ಣೆಮಯ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಯಾವುದಕ್ಕಾಗಿ ಹರಳೆಣ್ಣೆ ಕುಡಿಸುತ್ತಿದ್ದರೋ ಅದರ ಫಲವನ್ನು ಈ ವೀರರೂ ಅನುಭವಿಸಿದರು! ಪ್ರತಿಕೃತಿಯ ಹೊಟ್ಟೆಯ ಮೇಲೆ ಕಂದುಬಣ್ಣದ ತೆಳುವಾದ ಕಲೆಯನ್ನು ಎಳೆಯುವವನು ಬಳಿಯುತ್ತಿರುವುದು ಈ ಎಣ್ಣೆಯನ್ನೇ.

ಬಣ್ಣದ ವಿಷಯದಲ್ಲಿ ಹವ್ಯಾಸಿಗಳ ಜಗಳ ಮುಗಿಯುವಂಥದಲ್ಲ. ವಿಮಾನಕ್ಕೆ ಹೊದಿಸಿದ ನಾರುಬಟ್ಟೆಯನ್ನು ಬಿಸಿಲು ಕೆಡಿಸದಂತೆ ಅದರ ಮೇಲ್ಭಾಗಗಳಿಗೆ ಪಿ.ಸಿ.10 ಎಂಬ ಲೇಪವನ್ನು ಬಳಿಯುತ್ತಿದ್ದರು. ಹಳದಿ ಕಾವಿ, ದೀಪದ ಮಸಿ, ಇವೇ ಅದರ ಮುಖ್ಯ ವರ್ಣದ್ರವ್ಯಗಳು. ಹೊಸದರಲ್ಲಿ ಅದು ಹಸುರು ಬೆರೆತ ಕಂದು; ಬಿಸಿಲು, ಮಳೆ, ಮೇಲಿನ ವಾರ್ನಿಷು, ಇವುಗಳಿಂದ ದಿನಗಳೆದಂತೆ ಇನ್ನಷ್ಟು ಕಂದು. ಆದುದರಿಂದ ‘ಸರಿಯಾದ ಬಣ್ಣ ಯಾವುದು’ ಎಂಬ ಪ್ರಶ್ನೆಗೆ, ‘ಯಾವ ವಿಮಾನದ, ಎಷ್ಟನೆಯ ತಿಂಗಳಿನ ಬಣ್ಣ’ ಎಂಬ ಮರುಪ್ರಶ್ನೆಯೇ ಉತ್ತರ. ಹಸ್ತಪ್ರತಿಗಳ ಪಾಠಾಂತರಗಳನ್ನು ನೋಡಿದವರಿಗೆ ಈ ತೊಡಕು ಹೊಸದಲ್ಲ.

ಬಣ್ಣ ಒಣಗಿ, ಕೆಂಪು ಬಿಳಿ ನೀಲಿ ವೃತ್ತಗಳ ಲಾಂಛನವನ್ನು ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸಿದ ಮೇಲೆಯೇ ಮೇಲಿನ ರೆಕ್ಕೆಯ ಸರದಿ. ಮೊದಲೇ ಕೂಡಿಸಿದರೆ ನಡುವೆ ಕುಂಚ ಆಡುವುದಿಲ್ಲ. ಕ್ಯಾಮೆಲಿನ ಮೇಲಿನ ರೆಕ್ಕೆ ನೇರವಾಗಿದೆ. ಕೆಳಗಿನ ರೆಕ್ಕೆ ತುದಿಗಳ ಕಡೆಗೆ ಮೇಲೇರಿದೆ. ಹೀಗಾಗಿ ಎರಡರ ನಡುವಿನ ಅಂತರ ಹೊರಗೆ ಹೋದಂತೆ ಕಿರಿದಾಗುತ್ತದೆ. ಒಡಲಿನ ಮೇಲೆ ನಾಲ್ಕು ಗಿಡ್ಡ ಕಂಬಗಳು, ಎಡಬಲಗಳಲ್ಲಿ ಎರಡೆರಡು ಉದ್ದನೆಯ ಕಂಬಗಳು. ಈ ಎಂಟೂ ಏಕಕಾಲಕ್ಕೆ ತಮ್ಮ ಕುಳಿಗಳಲ್ಲಿ ಕೂಡಬೇಕು. ಒಂದು ಕಂಬ ಕೂದಲೆಳೆಯಷ್ಟು ವಾಲಿದರೂ ಎದುರಿನಿಂದ ನೋಡುವಾಗ ವಿಮಾನ ಕುಂಟುತ್ತದೆ. ರಟ್ಟಿನ ಅಚ್ಚೊಂದನ್ನು ಕತ್ತರಿಸಿ ರೆಕ್ಕೆಗಳಿಗೆ ಆಸರೆ ಕೊಟ್ಟು, ಒಂದು ರಾತ್ರಿ ಮುಟ್ಟದೆ ಬಿಡುವುದು ಒಳ್ಳೆಯದು.

ಕೊನೆಗೆ ತಂತಿಗಳು. ರೆಕ್ಕೆಗಳನ್ನು ಜೋಡಿಸುವ ಮೊದಲೇ ಅವುಗಳಲ್ಲಿ ಸೂಜಿಮೊನೆಯಂಥ ಬೈರಿಗೆಯಿಂದ ತೂತುಗಳನ್ನು ಕೊರೆದಿರಬೇಕು. ಕೆಲವರು ಮೀನುಗಾರರ ನೈಲಾನ್ ಎಳೆಯನ್ನು ಪೋಣಿಸುತ್ತಾರೆ. ಇನ್ನು ಕೆಲವರು ಭಾಗಗಳನ್ನು ಬಿಡಿಸಿ ಉಳಿದ ಚೌಕಟ್ಟಿನ ಪ್ಲಾಸ್ಟಿಕ್ಕನ್ನೇ ಮೇಣದಬತ್ತಿಯ ಜ್ವಾಲೆಯ ಮೇಲೆ ಹಿಡಿದು, ಮೆತ್ತಗಾದಾಗ ಎರಡೂ ತುದಿಗಳನ್ನು ಎಳೆದು ರೇಷ್ಮೆಯಂಥ ನೂಲನ್ನು ತೆಗೆಯುತ್ತಾರೆ. ಒಡಲಿನ ಬುಡದಿಂದ ಹೊರಟು ಹೊರಗಂಬಗಳ ತಲೆಗೆ ಏರುವ ತಂತಿಗಳು ಹಾರಾಟದ ತಂತಿಗಳು. ಗಾಳಿ ರೆಕ್ಕೆಗಳನ್ನು ಮೇಲೆತ್ತುವಾಗ ಅವು ಮುರಿಯದಂತೆ ಎಳೆದು ಹಿಡಿಯುವುದು ಇವುಗಳ ಕೆಲಸ. ಮೇಲಿನ ರೆಕ್ಕೆಯ ನಡುವಿನಿಂದ ಹೊರಗಂಬಗಳ ಬುಡಕ್ಕೆ ಇಳಿಯುವುವು ಇಳಿದಾಣದ ತಂತಿಗಳು. ನೆಲದ ಮೇಲೆ ನಿಂತಾಗ ರೆಕ್ಕೆಗಳ ಭಾರವನ್ನು ಹೊರುವುವು ಇವು. ಒಂದು ಜೋಡಿ ಬಿಗಿಯಾದಾಗ ಇನ್ನೊಂದು ಜೋಡಿಗೆ ವಿಶ್ರಾಂತಿ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಹೊಳೆಯದ ಈ ಸಂಗತಿ, ಒಂದೊಂದಾಗಿ ಎಳೆ ಬಿಗಿಯುವ ಬೆರಳುಗಳಿಗೆ ತಾನಾಗಿ ತಿಳಿಯುತ್ತದೆ. ಓಲಾಡುತ್ತಿದ್ದ ಪ್ಲಾಸ್ಟಿಕ್ ತುಂಡುಗಳು ಕೊನೆಯ ಎಳೆ ಬಿಗಿದಾಗ ಒಂದೇ ದೇಹದಂತೆ ಗಟ್ಟಿಯಾಗಿ ನಿಲ್ಲುತ್ತವೆ.

ಇಲ್ಲಿಯೇ ಪ್ರಮಾಣದ ನಿಜವಾದ ಸಮಸ್ಯೆ ಎದುರಾಗುವುದು. ಕಾಲು ಅಂಗುಲದ ತಂತಿಯನ್ನು 72ರಿಂದ ಭಾಗಿಸಿದರೆ ಮಿಲಿಮೀಟರಿನ ಹತ್ತರಲ್ಲಿ ಒಂದಂಶಕ್ಕೂ ಕಡಮೆ, ತಲೆಗೂದಲಿನ ದಪ್ಪ. ಬಟ್ಟೆಯ ನೇಯ್ಗೆಯನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೂ ಅನೇಕ ಪೆಟ್ಟಿಗೆಗಳಲ್ಲಿ ರೆಕ್ಕೆಯ ಎಲುಬುಗಳ ನಡುವೆ ಬಟ್ಟೆ ಜೋತುಬಿದ್ದಂತೆ ಹಳ್ಳದಿಣ್ಣೆಗಳನ್ನು ಕೊರೆದಿರುತ್ತಾರೆ. ನಿಜವಾದ ರೆಕ್ಕೆಯ ಬಟ್ಟೆ ಲೇಪ ಕುಡಿದು, ಮದ್ದಳೆಯ ಚರ್ಮದಂತೆ ಬಿಗಿದಿರುತ್ತಿತ್ತು. ಅನುಭವಿಗಳು ಮರಳುಕಾಗದದಿಂದ ಆ ದಿಣ್ಣೆಗಳನ್ನು ಉಜ್ಜಿ ತಗ್ಗಿಸುತ್ತಾರೆ. ಕಾವ್ಯಮೀಮಾಂಸೆಯಲ್ಲಿ ಕ್ಷೇಮೇಂದ್ರನು ಔಚಿತ್ಯವೆಂದು ಕರೆದ ಗುಣಕ್ಕೆ ಇಲ್ಲಿಯೂ ಕೆಲಸವಿದೆ. ಎಲ್ಲವನ್ನೂ ತೋರಿಸಹೊರಟ ಪ್ರತಿಕೃತಿ ಸುಳ್ಳಾಗುತ್ತದೆ. ಆ ದೂರದಿಂದ ಕಾಣದುದನ್ನು ಬಿಟ್ಟುಬಿಡುವುದೂ ನಿಷ್ಠೆಯೇ.

ಹಾಗಾದರೆ ಯಾವುದನ್ನು ಬಿಡಬಾರದು? ಇದಕ್ಕೆ ಉತ್ತರವಾಗಿ ಒಬ್ಬ ಚಾಲಕನ ಹೆಸರನ್ನು ಹೇಳುತ್ತೇನೆ. ಹರ್ದಿತ್ ಸಿಂಗ್ ಮಲಿಕ್ 1894ರಲ್ಲಿ ರಾವಲ್ಪಿಂಡಿಯಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿದವರು. ಯುದ್ಧ ಬಂದಾಗ ಭಾರತೀಯನೆಂಬ ಕಾರಣದಿಂದ ಅವರಿಗೆ ಹಾರುವ ಅವಕಾಶ ಸುಲಭವಾಗಿ ಸಿಗಲಿಲ್ಲ. ಮೊದಲು ಫ್ರೆಂಚರ ರೆಡ್‌ಕ್ರಾಸ್‌ನಲ್ಲಿ ಗಾಯಾಳುಗಳ ವಾಹನವನ್ನು ನಡೆಸಿ, ಬಳಿಕ 1917ರಲ್ಲಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್ ಸೇರಿದರು. 28ನೆಯ ಸ್ಕ್ವಾಡ್ರನ್ನಿನಲ್ಲಿ ಅವರು ಹಾರಿಸಿದ್ದು ಇದೇ ಕ್ಯಾಮೆಲನ್ನು. ಅದೇ ವರ್ಷದ ಅಕ್ಟೋಬರ್ 26ರಂದು ಶತ್ರುವಿಮಾನಗಳು ಅವರನ್ನು ಮುತ್ತಿದವು. ಕಾಲಿಗೆ ಗುಂಡು ತಗಲಿದರೂ ಹೋರಾಡಿ, ತಮ್ಮವರ ನೆಲದಲ್ಲಿ ಬಂದು ಬಿದ್ದರು. ಆ ವಿಮಾನಕ್ಕೆ ನಾನೂರಕ್ಕೂ ಹೆಚ್ಚು ಗುಂಡುಗಳು ತಾಗಿದ್ದವೆನ್ನುತ್ತಾರೆ. ಮುಂದೆ ಅವರು ಸ್ವತಂತ್ರ ಭಾರತದ ರಾಯಭಾರಿಯಾಗಿ ಫ್ರಾನ್ಸಿನಲ್ಲಿ ಸೇವೆ ಸಲ್ಲಿಸಿ, 1985ರವರೆಗೆ ಬದುಕಿದ್ದರು.

ಮಲಿಕರು ಪೇಟವನ್ನು ತೆಗೆಯಲು ಒಪ್ಪಲಿಲ್ಲ. ಅದರ ಮೇಲೆ ಕೂಡುವಂತೆ ದೊಡ್ಡದಾದ ಹಾರಾಟದ ಶಿರಸ್ತ್ರಾಣವನ್ನು ವಿಶೇಷವಾಗಿ ಮಾಡಿಸಿಕೊಂಡಿದ್ದರು. ಪೆಟ್ಟಿಗೆಯಲ್ಲಿ ಬರುವ ಎರಡೂಕಾಲು ಸೆಂಟಿಮೀಟರಿನ ಚಾಲಕನಿಗಾದರೋ ಸಾಧಾರಣ ಶಿರಸ್ತ್ರಾಣವಿರುತ್ತದೆ. ಮಲಿಕರ ವಿಮಾನವನ್ನು ಕಟ್ಟುವವನು ಆ ತಲೆಯ ಮೇಲೆ ಸಾಸಿವೆಯಷ್ಟು ಪುಟ್ಟಿಯನ್ನು ಇಟ್ಟು, ಒಣಗಿದ ಮೇಲೆ ತೀಡಿ, ಕಂದುಬಣ್ಣ ಹಚ್ಚಬೇಕು. ನೋಡುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇದನ್ನು ಗಮನಿಸಲಾರರು. ಗಮನಿಸಿದ ಹತ್ತನೆಯವನು ‘ಈ ತಲೆ ಇಷ್ಟು ದಪ್ಪವೇಕೆ’ ಎಂದು ಕೇಳಿಯಾನು. ಆಗ ಕಟ್ಟಿದವನಿಗೆ ಮಲಿಕರ ಕತೆಯನ್ನು ಹೇಳುವ ಅವಕಾಶ ಒದಗುತ್ತದೆ. ಬಟ್ಟೆಯ ನೇಯ್ಗೆಯನ್ನು ಬಿಟ್ಟರೂ ಸಾಸಿವೆಯಷ್ಟಿರುವ ಇದನ್ನು ಬಿಡುವಂತಿಲ್ಲ.

ಕೊಲ್ಲುವ ಯಂತ್ರವನ್ನು ಮುದ್ದಾದ ಬೊಂಬೆಯಾಗಿಸಿ ಕಪಾಟಿನಲ್ಲಿಡುವುದು ಸರಿಯೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪ ಹುರುಳಿಲ್ಲದ್ದಲ್ಲ. ಹೊಳೆಯುವ ಬಣ್ಣವನ್ನಷ್ಟೇ ಬಳಿದು, ಒಳಗೆ ಕುಳಿತವನನ್ನು ಮರೆತರೆ ಅದು ಬೊಂಬೆಯೇ ಸರಿ. ಆದರೆ ಆ ತಂತಿಗಳನ್ನು ಒಂದೊಂದಾಗಿ ಬಿಗಿದವನಿಗೆ, ಇಷ್ಟು ಕಟ್ಟಿಗೆ, ಇಷ್ಟು ಬಟ್ಟೆ, ಹರಳೆಣ್ಣೆ ಸುರಿವ ಒಂದು ಎಂಜಿನ್, ಇವನ್ನೇ ನಂಬಿ ಇಪ್ಪತ್ತರ ಹರೆಯದ ಹುಡುಗರು ಸಾವಿರಾರು ಅಡಿ ಮೇಲಕ್ಕೆ ಹೋದರೆಂಬ ವಿಷಯ ಬರಿಯ ಸುದ್ದಿಯಾಗಿ ಉಳಿಯುವುದಿಲ್ಲ. ವಿಮಾನದ ಉದ್ದಗಲಗಳನ್ನು 72ರಿಂದ ಭಾಗಿಸಬಹುದು. ಆ ಹುಡುಗರ ಭಯವನ್ನು ಹಾಗೆ ಭಾಗಿಸಲು ಬರುವುದಿಲ್ಲ.

(ಬಾನುಲಿ ಭಾಷಣ)