ಹೆಸರು ಕೇಳದ ಕೂಟ

ಮನೆಯ ಯಜಮಾನನೊಬ್ಬನು ಕುಡಿತಕ್ಕೆ ಬಿದ್ದನೆಂದರೆ ನಮ್ಮ ಜನಕ್ಕೆ ಮೊದಲು ತೋಚುವ ಉಪಾಯಗಳು ಎರಡೋ ಮೂರೋ: ಹಿರಿಯರಿಂದ ಬುದ್ಧಿ ಹೇಳಿಸುವುದು, ಮಗುವಿನ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸುವುದು, ಇಲ್ಲವೇ ದೇವರ ಸನ್ನಿಧಿಗೆ ಕರೆದೊಯ್ದು ಹರಕೆ ಹೊರಿಸುವುದು. ಇವೆಲ್ಲ ನಿಷ್ಫಲವೆಂದು ನಾನು ಹೇಳಲಾರೆ. ಅಯ್ಯಪ್ಪನ ಮಾಲೆ ಧರಿಸಿದವನು 41 ದಿನಗಳ ವ್ರತ ಮುಗಿಯುವವರೆಗೆ ಬಾರಿನ ಕಡೆ ತಲೆಯೆತ್ತಿಯೂ ನೋಡದಿರುವುದನ್ನು ಊರೂರಿನಲ್ಲಿ ಕಂಡಿದ್ದೇವಷ್ಟೆ. ಆದರೆ ಮಾಲೆ ತೆಗೆದ ಮಾರನೆಯ ಸಂಜೆ ಅವನ ಜೊತೆಗೆ ಯಾರಿರುತ್ತಾರೆ? ಆ ಸಂಜೆಗಾಗಿಯೇ ಹುಟ್ಟಿಕೊಂಡದ್ದು ಆಲ್ಕೋಹಾಲಿಕ್ಸ್ ಅನಾನಿಮಸ್. ಸದಸ್ಯರ ಬಾಯಲ್ಲಿ ಬರಿಯ ‘ಎ.ಎ.’

ಅದರ ಜನ್ಮವೃತ್ತಾಂತವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. 1935ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಷೇರುಪೇಟೆಯಲ್ಲಿ ದುಡಿದು, ದುಡಿದುದನ್ನೆಲ್ಲ ಮದ್ಯಕ್ಕೆ ತೆತ್ತು, ಹಿಂದಿನ ಡಿಸೆಂಬರಿನಿಂದೀಚೆಗೆ ಮಾತ್ರ ಕುಡಿಯದೆ ಉಳಿದಿದ್ದ ಬಿಲ್ ವಿಲ್ಸನ್ ಎಂಬವರು ವ್ಯವಹಾರನಿಮಿತ್ತ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಬಂದಿದ್ದರು. ಬಂದ ಕಾರ್ಯ ಕೆಟ್ಟಿತು. ತಂಗಿದ್ದ ಹೋಟೆಲಿನಲ್ಲಿ ಬಾರಿನ ಗದ್ದಲವು ಅವರನ್ನು ಒಂದು ಕಡೆಯಿಂದ ಸೆಳೆಯುತ್ತಿರಲಾಗಿ, ಅವರು ಟೆಲಿಫೋನಿನ ಕಡೆಗೆ ನಡೆದು, ಊರಿನ ಪಾದ್ರಿಗಳೊಬ್ಬರಿಗೆ ಕರೆಮಾಡಿ, ಕುಡಿತದಿಂದ ಬಳಲುತ್ತಿರುವವರು ಯಾರಾದರೂ ಇದ್ದರೆ ತಾನು ಅವರೊಡನೆ ಮಾತನಾಡಬೇಕೆಂದು ಬೇಡಿದರು. ಹೀಗೆ ಮೇ 12ರ ಭಾನುವಾರ ಭೇಟಿಯಾದವರು ಶಸ್ತ್ರಚಿಕಿತ್ಸಕರಾದ ಡಾಕ್ಟರ್ ಬಾಬ್ ಸ್ಮಿತ್. ಹದಿನೈದೇ ನಿಮಿಷವೆಂದು ಕರಾರು ಮಾಡಿಕೊಂಡು ಬಂದ ಡಾಕ್ಟರು ರಾತ್ರಿ ಹನ್ನೊಂದು ಕಳೆದರೂ ಏಳಲಿಲ್ಲ. ಉಪದೇಶ ಅವರಿಗೆ ಹೊಸದಲ್ಲ. ಆದರೆ ಈ ಮನುಷ್ಯ ಉಪದೇಶಿಸಲು ಬಂದವರಾಗಿರಲಿಲ್ಲ, ತಾವು ಮತ್ತೆ ಬೀಳದಿರಲು ಇನ್ನೊಬ್ಬ ಕುಡುಕನ ಸಂಗವನ್ನು ಅರಸಿ ಬಂದವರಾಗಿದ್ದರು. ಡಾಕ್ಟರು ಮುಂದೊಮ್ಮೆ ಜಾರಿ, ಜೂನ್ 10ರಂದು ಕೊನೆಯ ಬಾರಿ ಕುಡಿದರು. ಸಂಸ್ಥೆ ತನ್ನ ಹುಟ್ಟಿದ ದಿನವೆಂದು ಎಣಿಸುವುದು ಆ ದಿನವನ್ನೇ.

ಈ ಸಂಸ್ಥೆಯ ಸತ್ತ್ವವೆಲ್ಲ ಇಲ್ಲಿಯೇ ಇದೆಯೆಂದು ನನ್ನ ಎಣಿಕೆ: ನೆರವು ಕೊಡುವವನಿಗೂ ಪಡೆಯುವವನಷ್ಟೇ ನೆರವಿನ ಅಗತ್ಯವಿರುವುದರಿಂದ ಇಲ್ಲಿ ಮೇಲೆ ಕುಳಿತವರೆಂಬವರಿಲ್ಲ.

ಇಂದು ಬೆಂಗಳೂರಿನಂಥ ನಗರಗಳಲ್ಲಿ ಚರ್ಚಿನ ಹಿಂಬದಿಯ ಕೊಠಡಿಯಲ್ಲೋ, ತರಗತಿ ಮುಗಿದ ಶಾಲೆಯ ಬೆಂಚುಗಳ ಮೇಲೋ ಕನ್ನಡದಲ್ಲಿಯೂ ಇತರ ಭಾಷೆಗಳಲ್ಲಿಯೂ ಸಭೆ ಸೇರುತ್ತದೆ. ಪ್ರವೇಶಶುಲ್ಕವಿಲ್ಲ, ಅರ್ಜಿಯಿಲ್ಲ, ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಒಬ್ಬರು ಎದ್ದು, ಇಷ್ಟವಿದ್ದರೆ ಮೊದಲ ಹೆಸರನ್ನಷ್ಟೇ ಹೇಳಿ, “ನಾನೊಬ್ಬ ಆಲ್ಕೋಹಾಲಿಕ್” ಎಂದು ಆರಂಭಿಸುತ್ತಾರೆ. ಅಡವಿಟ್ಟ ತಾಳಿಯ ಕಥೆ, ಮಗಳ ಮದುವೆಯ ದಿನ ತಾನೇ ಇಲ್ಲದಿದ್ದ ಕಥೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಮುಗಿದ ಮೇಲೆ ಬುದ್ಧಿ ಹೇಳುವುದೂ ಇಲ್ಲ. ಖರ್ಚಿಗೆಂದು ಚೀಲವೊಂದು ಕೈಯಿಂದ ಕೈಗೆ ಸಾಗುತ್ತದೆ. ಹೊರಗಿನವರ ದಾನವನ್ನು ಸ್ವೀಕರಿಸುವ ಪದ್ಧತಿಯಿಲ್ಲ. ಬಳಿಕ ಚಹಾ. ಹೊಸಬನ ಕೈ ನಡುಗುತ್ತಿರುವುದನ್ನು ಕಂಡು, ಹಳೆಯ ಸದಸ್ಯರು ಅವನ ಲೋಟವನ್ನು ಅರ್ಧಕ್ಕಷ್ಟೇ ತುಂಬಿಸಿ ಕೊಡುತ್ತಾರೆ; ಏಕೆಂದು ಯಾರೂ ಕೇಳುವುದಿಲ್ಲ, ಎಲ್ಲರ ಕೈಯೂ ಒಮ್ಮೆ ನಡುಗಿದ್ದೇ. ಜೀವಮಾನದ ಪ್ರತಿಜ್ಞೆಯನ್ನೂ ಬೇಡುವುದಿಲ್ಲ. ಇವತ್ತೊಂದು ದಿನ ಕುಡಿಯದಿದ್ದರೆ ಸಾಕು, ನಾಳಿನದು ನಾಳೆಗೆ.

ಕುಡಿತದಿಂದ ಹೊರಬರಲು ಸಂಸ್ಥೆ ಹಾಕಿಕೊಟ್ಟಿರುವ ಹನ್ನೆರಡು ಸೋಪಾನಗಳಲ್ಲಿ ದೇವರ ಪ್ರಸ್ತಾಪವಿದೆಯೆಂದು ಹಿಂಜರಿಯುವವರುಂಟು. ದೇವರನ್ನು ಅವರವರು ತಿಳಿದ ರೀತಿಯಲ್ಲಿ ಭಾವಿಸಲು ಅಲ್ಲಿ ಅವಕಾಶವಿರುವುದರಿಂದ ನಾಸ್ತಿಕರೂ ಬಂದು ಕೂರುತ್ತಾರೆ. ಫಲವೇನೆಂದು ಕೇಳುವವರಿಗೆ, 2020ರಲ್ಲಿ ಕಾಕ್ರೇನ್ ಸಂಸ್ಥೆಯು 27 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿ, ನಿರಂತರ ಮದ್ಯವರ್ಜನೆಯ ವಿಷಯದಲ್ಲಿ ಎ.ಎ. ಮಾರ್ಗಕ್ಕೆ ಸೇರಿಸುವ ವ್ಯವಸ್ಥಿತ ಚಿಕಿತ್ಸೆಯು ಇತರ ಮನಶ್ಚಿಕಿತ್ಸೆಗಳಿಗಿಂತ ಮೇಲಾಗಿ ಕಂಡಿತೆಂದು ವರದಿ ಮಾಡಿದುದನ್ನು ನೆನಪಿಸಬಹುದು. ನಮ್ಮಲ್ಲಿಯೇ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸಿ, ಶಿಬಿರ ಮುಗಿಸಿದವರನ್ನು ‘ನವಜೀವನ ಸಮಿತಿ’ಗಳಲ್ಲಿ ಒಟ್ಟುಗೂಡಿಸುತ್ತಿರುವುದೂ ಕುಡಿತ ಬಿಟ್ಟವರಿಗೆ ಪರಸ್ಪರರ ಸಂಗವೇ ಆಸರೆಯೆಂಬ ಇದೇ ತಿಳಿವಿನಿಂದ.

ಒಂದು ಎಚ್ಚರಿಕೆ ಅವಶ್ಯ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್, ಬುದ್ಧಿಭ್ರಮೆಗಳು ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು; ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಎಲ್ಲಿ ಹೋಗಬೇಕೆಂದು ತಿಳಿಯದವರು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆಮಾಡಬಹುದು.

ಇನ್ನು ಮನೆಯವರಿಗೊಂದು ಮಾತು. ಕುಡಿಯುವವರು ಒಪ್ಪಿ ಹೊರಡುವವರೆಗೆ ಹೆಂಡತಿ, ತಾಯಿ, ಮಕ್ಕಳು ಕಾದು ಕೂರಬೇಕಾಗಿಲ್ಲ. ಬಿಲ್ ಅವರ ಪತ್ನಿ ಲೋಯಿಸ್ 1951ರಲ್ಲಿ ಇತರರೊಡಗೂಡಿ ಸ್ಥಾಪಿಸಿದ ‘ಅಲ್-ಅನಾನ್’ ಇರುವುದು ಅವರಿಗಾಗಿಯೇ. ಅದಕ್ಕೆ ಹೋಗಲು ಕುಡಿಯುವವರ ಅಪ್ಪಣೆ ಬೇಡ.